ತೊಂಬತ್ತು ಡಿಗ್ರಿ ಕಾಕಾ

ನಮ್ಮ ಕಾಕಾನ ಸೊಂಟ ಹೋದದ್ದು ಹೊಲದಲ್ಲಿ ದುಡಿದು ಎಂದು ದೊಡವಾಡದ ಜನ ನಂಬಿದ್ದಾರೆ. ಸುಳ್ಳು. ಅದನ್ನು ಹಾಳು ಮಾಡಿದ್ದು ಎಂಜಿನಿಯರಿಂಗ್ ಕಾಲೇಜು!

ಅವನಿದ್ದ ಹಾಸ್ಟೆಲಿನಲ್ಲಿ ಒಂದು ಪದ್ಧತಿಯಿತ್ತು. ಸೀನಿಯರ್ ಎದುರಾದರೆ ಮೊದಲ ವರ್ಷದ ಹುಡುಗ ಸರಿಯಾಗಿ ತೊಂಬತ್ತು ಡಿಗ್ರಿ ಬಾಗಬೇಕು. ಸೀನಿಯರ್ ಸೆಟ್‌ಸ್ಕ್ವೇರ್ ಹಿಡಿದು ಕೋನ ನೋಡಿ 'ಸಾಕು' ಎನ್ನುವ ತನಕ ಏಳುವ ಹಾಗಿಲ್ಲ. ಉಳಿದವರು ವರ್ಷ ಕಳೆಯುತ್ತಲೇ ಇದನ್ನು ಮರೆತರು. ಕಾಕಾ ಮಾತ್ರ, ಡ್ರಾಯಿಂಗ್ ಪೇಪರಿನಲ್ಲಿ ಮತ್ತೆ ಮತ್ತೆ ನಪಾಸಾಗಿ ಊರಿಗೆ ಬಂದು ಕಮತ ಹಿಡಿದ ಮೇಲೂ ಬಿಡಲಿಲ್ಲ. ಒಮ್ಮೆ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಸೀನಿಯರ್ ಕಂಡರೆಂದು ತಲೆಯ ಮೇಲಿನ ಬುಟ್ಟಿಸಮೇತ ಬಾಗಿದ. ಬದನೆಕಾಯಿ ಬಸ್ಸಿನ ಕೆಳಗೆ ಹೋದವು. ನೋಡಿದರೆ ಆ ಮನುಷ್ಯ ಸೈಕಲ್ ಅಂಗಡಿಯವನು!

ಎಪ್ಪತ್ತರ ದಶಕದಲ್ಲಿ ನನಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಪ್ಪ ಒಪ್ಪಲಿಲ್ಲ.

'ಹೆಣ್ಣುಹುಡುಗಿ ಗಂಡಸರ ನಡುವ ಹೋಗಿ ಏನ್ ಕಲೀತಾಳ? ನಾಳೆ ಡ್ಯಾಮಿನ ಎಂಜಿನಿಯರ್ ಸಾಹೇಬ್ರು ಚಹಾಕ್ಕ ಬರ್ತಾರ. ಅವರು ಹೂಂ ಅಂದ್ರ ಕಳಸತೇನಿ. ಇಲ್ಲಂದ್ರ ಈ ವರ್ಷನ ಲಗ್ನ.'

ಸಾಹೇಬರು ಬಂದರು. ಈ ಸಲ ಖರೇಖರೆ ಕಾಕಾನ ಸೀನಿಯರ್ರೇ! ಕಾಕಾನ ಕೈಯಲ್ಲಿ ಚಹಾದ ಟ್ರೇ. ಬೇಡವೆಂದು ಕಣ್ಣಲ್ಲೇ ಅಂಗಲಾಚಿದೆ. ಕೇಳುವ ಪ್ರಾಣಿಯೇ ಅದು? ಬಾಗಿದ. ಅಷ್ಟೂ ಚಹಾ ಸಾಹೇಬರ ಬಿಳಿ ಪ್ಯಾಂಟಿನ ಮೇಲಾಯಿತು.

ಸಾಹೇಬರು ಧಡಕ್ಕನೆ ಎದ್ದರು. ಅಪ್ಪನ ಮುಖ ಕಪ್ಪಿಟ್ಟಿತು.

'ಏಳೋ ಹುಚ್ಚಪ್ಪಾ.'

ಕಾಕಾ ಏಳಲಿಲ್ಲ. ಸಾಹೇಬರು ಆ ಬಾಗಿದ ಬೆನ್ನನ್ನೇ ನೋಡುತ್ತ ನಿಂತರು. ಅಡುಗೆಮನೆಯ ಬಾಗಿಲಲ್ಲಿ ಅವ್ವ ನನ್ನ ಕೈ ಹಿಡಿದುಕೊಂಡಳು. ನನ್ನ ಕಾಲೇಜು ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಮೇಲೆ ಸಾಹೇಬರು ಮೆಲ್ಲಗೆ, 'ಸಾಕು' ಎಂದರು.

ಕಾಕಾ ಎದ್ದ. 'ಸಾಹೇಬ್ರ, ನನಗ ಆ ಕಾಲೇಜು ದಕ್ಕಲಿಲ್ಲ. ಈಕಿಗೆ ದಕ್ಕತೈತಿ. ಹೂಂ ಅನ್ರಿ.'

ಪ್ಯಾಂಟು ಒರೆಸಿಕೊಳ್ಳುತ್ತ ಸಾಹೇಬರು ಹೂಂ ಎಂದರು. ಆಡಿದ ಮಾತಿಗೆ ಅಪ್ಪ ತಪ್ಪಲಿಲ್ಲ.

ಪದವಿ ಮುಗಿಸಿದ ವರ್ಷ, ಟ್ರಂಕು ಹಿಡಿದು ಧಾರವಾಡದ ಬಸ್ಸಿನಿಂದ ದೊಡವಾಡದಲ್ಲಿ ಇಳಿದೆ. ಕಾಕಾ ಕಾದಿದ್ದ. ನಾನು ಅವನ ಕಾಲಿಗೆ ಬೀಳುವ ಮೊದಲೇ ಅವನೇ ಬಾಗಿಬಿಟ್ಟ. ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು.

'ಏನ್ ಮಾಡಾಕ ಹತ್ತೀಯೋ ಕಾಕಾ, ಏಳು.'

'ನಾ ಇನ್ನೂ ಪಾಸಾಗಿಲ್ಲವ್ವಾ. ನೀ ಪಾಸಾದಿ. ಸೀನಿಯರ್ ನೀನ.'

ಸಾಕು ಎನ್ನಬೇಕಾದವಳು ನಾನು. ಟ್ರಂಕು ಕೆಳಗಿಟ್ಟು, ಅಂದು ಸಾಹೇಬರು ನಿಂತ ಹಾಗೆಯೇ ಆ ಬಾಗಿದ ಬೆನ್ನು ನೋಡುತ್ತ ನಿಂತೆ.

'ಲಗೂನ ಸಾಕು ಅನ್ನವ್ವಾ,' ಎಂದ ಕಾಕಾ, ನೆಲ ನೋಡುತ್ತಲೇ. 'ಸೊಂಟ ಹಿಡಕೊಂಡೈತಿ.'