ಸುಗುಣಾ ಓಡಿ

ಅಂದಿನ ಇಡೀ ಅವಾಂತರಕ್ಕೆ ಕಾರಣ ಹೊಸೂರಿಗೆ ಹೋಗುವ ಬೆಳಗಿನ ಬಸ್ಸಿನ ಹಾರನ್ನು. ಅದು ಒಂದು ಗಳಿಗೆ ತಡವಾಗಿ ಕೂಗಿದ್ದರೆ ಚಿಕ್ಕಮುನಿಯಪ್ಪ ಮಧ್ಯಾಹ್ನ ಮುದ್ದೆ ಉಂಡು ಹುಣಸೆಮರದ ಕೆಳಗೆ ನೆಮ್ಮದಿಯಾಗಿ ಗೊರಕೆ ಹೊಡೆದಿರುತ್ತಿದ್ದ.

ಡೆಂಕಣಿಕೋಟೆ ಪಕ್ಕದ ಹಳ್ಳಿ ಅವನದು. ಮಗಳು ಸುಗುಣಾ ಹೊಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಓದಿನಲ್ಲಿ ಚುರುಕು, ಹಾಜರಿಯಲ್ಲಿ ಮಾತ್ರ ಸೊರಗಿದವಳು. ಅದು ಅವಳ ತಪ್ಪಲ್ಲ. ಆನೆ ಬಂದು ರಸ್ತೆಯಲ್ಲಿ ನಿಂತ ದಿನ ಬಸ್ಸು ಬರುವುದಿಲ್ಲ, ಆನೆಯ ಕೈಲಿ ರಜಾ ಅರ್ಜಿ ಬರೆಸಿಕೊಂಡು ಹೋಗಲಿಕ್ಕೂ ಆಗುವುದಿಲ್ಲ. ಹೋದ ವಾರ ಅವಳ ವಿಭಾಗದ ಮುಖ್ಯಸ್ಥೆ, ಎಂದರೆ ಎಚ್.ಓ.ಡಿ., ಶ್ಯಾಮಲಮ್ಮ ಮೇಡಂ ಫೋನಿನಲ್ಲಿ ಚಿಕ್ಕಮುನಿಯಪ್ಪನನ್ನೇ ತರಾಟೆಗೆ ತೆಗೆದುಕೊಂಡಿದ್ದರು. ಇನ್ನು ಒಂದೇ ಒಂದು ದಿನ ಹಾಜರಿ ತಪ್ಪಿದರೂ ಹಾಲ್ ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ.

ಪಕ್ಕದ ಮನೆಯಲ್ಲೇ ಇದ್ದ ಅವನ ಒಡಹುಟ್ಟಿದ ಅಕ್ಕ ರಾಮಲಕ್ಷ್ಮಮ್ಮನಿಗೆ ಈ ಸುದ್ದಿ ಕಬ್ಬಿನ ಹಾಲಿನಂತೆ ಇಳಿಯಿತು. "ಪರೀಕ್ಷೇನೇ ಇಲ್ಲ ಅಂದ್ಮೇಲೆ ಓದು ಯಾಕ್ಲಾ? ನಮ್ಮ ರಾಮೂಗೆ ಮಾಡ್ಕೊಂಡ್ಬುಡ್ತೀನಿ, ಬುಡು" ಎಂದಳು. ಅವಳ ಮಗ ರಾಮು ಕೆಟ್ಟವನೇನಲ್ಲ. ಊಟದ ಹೊತ್ತಿಗೆ ತಪ್ಪದೆ ಕಾಣಿಸಿಕೊಳ್ಳುತ್ತಾನೆ, ಮಿಕ್ಕ ಹೊತ್ತಿನಲ್ಲಿ ಅವನನ್ನು ಕಂಡವರಿಲ್ಲ. ಈ ಅಳಿಯನನ್ನು ನೆನೆಸಿಕೊಂಡೇ ಚಿಕ್ಕಮುನಿಯಪ್ಪ ಅಂದಿನಿಂದ ಮಗಳನ್ನು ತಾನೇ ಬಸ್ಸು ಹತ್ತಿಸಿ, ಬಸ್ಸು ತಿರುವು ದಾಟಿದ ಮೇಲೆಯೇ ಹೊಲಕ್ಕೆ ಹೋಗುತ್ತಿದ್ದ.

ಆ ಬೆಳಿಗ್ಗೆ ಸುಗುಣಾ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗಿದಳು. "ಅಪ್ಪಾ, ಇವತ್ತು ಕ್ಲಾಸಿಗೆ ಹೋಗಲ್ಲ, ಓಡಿ..."

ಅಷ್ಟರಲ್ಲಿ ಹಾರನ್ನು ಬಡಕೊಂಡಿತು. ಮಗಳ ಬಾಯಿ ಆಡುತ್ತಲೇ ಇತ್ತು, ಮಾತು ಕೇಳಲಿಲ್ಲ. ಬಸ್ಸು ಹೊರಟೇ ಹೋಯಿತು.

ಅವಳು ಹೇಳಿದ್ದು ಸರಳ ಸಂಗತಿ. ಕಾಲೇಜಿನ ಸಭಾಂಗಣದಲ್ಲಿ ಅಂದು ಹ್ಯಾಕಥಾನ್ ಎಂಬ ಸ್ಪರ್ಧೆಯಿತ್ತು. ಕಂಪ್ಯೂಟರಿನ ಗಂಧಗಾಳಿ ಇಲ್ಲದ ಹುಡುಗಿಯರಿಗೆಂದೇ ಇಟ್ಟದ್ದು. ಗುಂಪು ಕಟ್ಟಿಕೊಂಡು ಸಂಜೆಯವರೆಗೆ ಕೂತು ಊರಿನ ಯಾವುದಾದರೊಂದು ತೊಂದರೆಗೆ ಆಪ್ ಮಾಡಬೇಕು. ಭಾಗವಹಿಸಿದವರಿಗೆ ಓ.ಡಿ. ಎಂದರೆ ಆನ್ ಡ್ಯೂಟಿ, ಕ್ಲಾಸಿಗೆ ಹೋಗದಿದ್ದರೂ ಹಾಜರಿ. ಇದೆಲ್ಲ ಹಾರನ್ನಿನ ಹೊಟ್ಟೆಗೆ ಹೋಗಿ, ಅಪ್ಪನ ಕಿವಿಗೆ ಉಳಿದದ್ದು ಕ್ಲಾಸಿಗೆ ಹೋಗಲ್ಲ ಎಂಬುದು ಮತ್ತು ಓಡಿ ಎಂಬುದು.

ಟೀ ಅಂಗಡಿಯ ಬೆಂಚಿನ ಖಾಯಂ ಒಡೆಯ ಆವುಲಪ್ಪ ಎಲ್ಲವನ್ನೂ ನೋಡುತ್ತಿದ್ದ. ಲೋಕದ ವಿಷಯವೆಲ್ಲ ಅವನಿಗೆ ಗೊತ್ತು, ಕೇಳಬೇಕೆಂದೂ ಇಲ್ಲ.

"ಓಡಿ ಅಂದ್ಮೇಲೆ ಮುಂದಕ್ಕೆ ಇನ್ನೊಂದು ಮಾತು ಇರ್ಬೇಕು ಕಣ್ಲಾ. ಓಡಿ ಬತ್ತೀನಿ ಅಂದ್ಲಾ, ಓಡಿ ಹೋಯ್ತೀನಿ ಅಂದ್ಲಾ?"

"ಅದೇ ಕೇಳ್ನಿಲ್ಲ."

"ಓಡಿ ಬರೋರು ಯಾರಾದ್ರೂ ಕ್ಲಾಸಿಗೆ ಹೋಗಲ್ಲ ಅಂತಾರೇನ್ಲಾ?"

ಚಿಕ್ಕಮುನಿಯಪ್ಪ ಕಾಲೇಜು ಶುರುವಾಗುವ ಹೊತ್ತಿನವರೆಗೂ ಹೊಲಕ್ಕೆ ಹೋಗದೆ ಅಲ್ಲೇ ಕೂತ. ಮಗಳಿಗೆ ಫೋನು ಹಚ್ಚಿದ, ಆಫ್ ಆಗಿತ್ತು. ಆವುಲಪ್ಪನೇ ಕಾಲೇಜಿನ ಆಫೀಸಿಗೆ ಹಚ್ಚಿಕೊಟ್ಟು, ತನಗೂ ಕೇಳಲೆಂದು ಸ್ಪೀಕರ್ ಒತ್ತಿದ. ಎತ್ತಿದ್ದು ಗುಮಾಸ್ತ ಮುನೀಶ್.

"ಸಾರ್, ನಮ್ಮ ಸುಗುಣಾ ಕ್ಲಾಸ್ನಲ್ಲವಳಾ?"

"ಬಾಟನಿ ಸುಗುಣಾನಾ? ಅವ್ಳು ಓಡಿ ಸಾರ್."

ಚಿಕ್ಕಮುನಿಯಪ್ಪ ಬೆಂಚು ಬಿಟ್ಟೆದ್ದ. "ಯಾವಾಗ?"

"ಬೆಳಿಗ್ಗೇನೇ. ಇವತ್ತು ಬೇಜಾನ್ ಹುಡ್ಗೀರು ಓಡಿ ಸಾರ್, ಕ್ಲಾಸೆಲ್ಲ ಖಾಲಿ."

"ಕಾಲೇಜ್ನೋರು ತಡೀಲಿಲ್ವಾ?"

"ಯಾಕೆ ತಡೀಬೇಕು? ಎಚ್ಚೋಡಿ ಮೇಡಮ್ಮೇ ಸೈನ್ ಹಾಕಿ ಕಳ್ಸವ್ರೆ. ಹ್ಯಾಕಥಾನ್ ಜೊತೆ... ಇರಿ ಸಾರ್, ಇನ್ನೊಂದು ಫೋನು ಬತ್ತಾ ಐತೆ."

ಫೋನು ಇಟ್ಟುಬಿಟ್ಟ. ಅಷ್ಟು ಹೊತ್ತಿಗೆ ರಾಮಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತಿದ್ದಳು. ಅವಳಿಗೆ ಯಾರು ಹೇಳಿದರೋ ದೇವರೇ ಬಲ್ಲ.

"ಹ್ಯಾಕಥಾನ್ ಅಂದ್ರೆ ಯಾರ್ಲಾ ಅವ್ನು? ನಮ್ಮ ಕಡೆ ಹೆಸ್ರಲ್ಲ."

"ಫ್ಯಾಕ್ಟ್ರೀಗೆ ಬಂದಿರೋ ಉತ್ತರದ ಕಡೆಯೋನೇ ಇರ್ಬೇಕು" ಎಂದು ಆವುಲಪ್ಪ ತೀರ್ಪು ಕೊಟ್ಟ.

"ಅಷ್ಟೊಂದು ಹುಡ್ಗೀರು ಒಬ್ಬನ ಜೊತೇಲಾ?" ಚಿಕ್ಕಮುನಿಯಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮೇಡಮ್ಮೇ ಸೈನ್ ಹಾಕಿ ಓಡಿಸಿದ್ದಾರೆ ಎಂದರೆ ಯಾರಿಗೆ ದೂರು ಕೊಡುವುದು? ಮಗಳನ್ನು ನೆನೆದು ಅಳು ಬಂತು, ಅಕ್ಕನ ಮುಂದೆ ಅಳಬಾರದೆಂದು ಟವಲಿನಿಂದ ಮೂಗು ಒರೆಸಿಕೊಂಡ.

ತಳಿ ಎಂಬ ಊರಿನ ಕಡೆಗೆ ಕೋಸು ತರಲು ಹೊರಟಿದ್ದ ಜೀಪೊಂದನ್ನು ಹೊಸೂರಿಗೆ ತಿರುಗಿಸಿದ್ದಾಯಿತು. ಯಾರೂ ಕರೆಯದಿದ್ದರೂ ರಾಮಲಕ್ಷ್ಮಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಅವಳು "ನಮ್ಮ ರಾಮು ಓಡೋನಲ್ಲ" ಎನ್ನುತ್ತ ಬಂದಳು. ಅದು ನಿಜವೇ, ರಾಮು ನಡೆಯುವುದೂ ಕಡಿಮೆ.

ಕಾಲೇಜಿನ ಗೇಟಿನಲ್ಲಿ ಹ್ಯಾಕಥಾನ್ ಎಂದು ಬರೆದ ದೊಡ್ಡ ಬಟ್ಟೆ ಕಟ್ಟಿದ್ದರು. ಅದನ್ನು ಓದಿದ ಆವುಲಪ್ಪ "ನೋಡ್ಲಾ, ಬ್ಯಾನರ್ ಬೇರೆ ಹಾಕ್ಸ್ಕೊಂಡವ್ನೆ" ಎಂದು ಹಲ್ಲು ಕಡಿದ. ಅಕ್ಕನಿಗೆ ಮೊಣಕಾಲು ನೋವು, ಆವುಲಪ್ಪನಿಗೆ ಗೇಟು ಕಾಯುವ ಜವಾಬ್ದಾರಿ. ಚಿಕ್ಕಮುನಿಯಪ್ಪ ಒಬ್ಬನೇ ಒಳಗೆ ನಡೆದ.

ಸಭಾಂಗಣದ ಬಾಗಿಲಲ್ಲಿ ಸಹನಾ ಎಂಬ ಹುಡುಗಿ ತಡೆದಳು. "ಅಂಕಲ್, ಗಂಡಸ್ರು ಬರೋ ಹಾಗಿಲ್ಲ. ನೀವು ಮೆಂಟರಾ?"

ಒಳಗಿನ ಗದ್ದಲದಲ್ಲಿ ಅವನಿಗೆ ಪೇರೆಂಟಾ ಎಂದು ಕೇಳಿಸಿತು. ಮಗಳ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಅದೊಂದೇ. "ಹೂ ಕಣವ್ವಾ, ಅದೇ!" ಎಂದ. ಹುಡುಗಿ ಅವನ ಹೆಸರು ಬರೆದು, ಗುಂಪುಗಳಿಗೆ ಹೇಳಿಕೊಡುವ ಮೆಂಟರುಗಳ ಹಳದಿ ದಾರದ ಬಿಲ್ಲೆ ಕೊರಳಿಗೆ ಹಾಕಿದಳು. ತುಸು ಸಮಾಧಾನವಾಯಿತು. ಓಡಿಹೋದವರ ಅಪ್ಪಂದಿರಿಗೂ ಇಲ್ಲಿ ಒಂದು ಮರ್ಯಾದೆ ಇದೆ ಎಂದುಕೊಂಡ.

ಒಳಗೆ ಮೇಜು ಮೇಜಿಗೂ ಹುಡುಗಿಯರು, ಲ್ಯಾಪ್‌ಟಾಪುಗಳು. ಹ್ಯಾಕಥಾನ್ ಎಂಬ ಗಂಡಸು ಮಾತ್ರ ಎಲ್ಲೂ ಕಾಣಲಿಲ್ಲ. ಹಳದಿ ದಾರ ಕಂಡಿದ್ದೇ ತಡ, ಸರಳಾ ಎಂಬ ಹುಡುಗಿ ಅವನ ಕೈಹಿಡಿದು ತಮ್ಮ ಮೇಜಿಗೆ ಎಳೆದೊಯ್ದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಸಾರ್, ನಮ್ದು ಓಡ್ತಾನೇ ಇಲ್ಲ ಸಾರ್. ಬೆಳಿಗ್ಗೆಯಿಂದ ಓಡ್ಸಕ್ಕೆ ನೋಡ್ತಾನೇ ಇದೀವಿ. ಸ್ಟೇಜ್ ಮೇಲೆ ಓಡಿಲ್ಲ ಅಂದ್ರೆ ಮರ್ಯಾದೆ ಹೋಗುತ್ತೆ."

ಅಯ್ಯೋ ಎಂದುಕೊಂಡ ಚಿಕ್ಕಮುನಿಯಪ್ಪ. ಪಾಪ, ಇವಳಿಗೂ ಒಬ್ಬ ಅಪ್ಪ ಇದ್ದಾನೆ.

"ಓಡ್ಬ್ಯಾಡಿ ಕಣ್ರವ್ವಾ" ಎಂದ. "ಓಡೋದ್ರಾಗೆ ಏನೈತೆ? ಯಾರು ಏನೇ ಅನ್ಲಿ, ನೀವು ಓಡ್ಬ್ಯಾಡಿ. ಇದ್ದಲ್ಲೇ ಇದ್ದು, ನಿಮ್ಮ ಕಷ್ಟ ಏನು ಅಂತ ದೊಡ್ಡೋರ ಮುಂದೆ ಬಾಯ್ಬುಟ್ಟು ಹೇಳಿ. ಕೇಳ್ತಾರೆ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಂಗಾದ್ರೆ ಓಡಿಸ್ದೇನೇ ಎಕ್ಸ್‌ಪ್ಲೇನ್ ಮಾಡೋಣ್ವಾ ಸಾರ್?" ಎಂದಳು ಸರಳಾ. ಅವನು ಅವಳ ತಲೆ ಸವರಿ ಮುಂದೆ ಹೋದ.

ಮೂಲೆಯ ಮೇಜಿನಲ್ಲಿ ಸುಗುಣಾ ಕಂಡಳು. ಪಕ್ಕದಲ್ಲಿ ಗಡ್ಡದ ಒಬ್ಬ ಯುವಕ ಬಗ್ಗಿ ನಿಂತಿದ್ದ. ಚಿಕ್ಕಮುನಿಯಪ್ಪ ಹೋಗಿ ಅವನ ಕಾಲರಿಗೇ ಕೈಹಾಕಿದ.

"ನೀನೇ ಏನ್ಲಾ ಹ್ಯಾಕಥಾನು?"

"ಅಯ್ಯೋ ಅಪ್ಪಾ! ಅವ್ರು ನರೇಶ್ ಸಾರ್, ಈ ಸ್ಪರ್ಧೆ ನಡ್ಸ್ತಾ ಇರೋರು!" ಎಂದು ಸುಗುಣಾ ಚೀರಿದಳು. ಆಮೇಲೆ ಅಪ್ಪನನ್ನು ಕಂಬದ ಮರೆಗೆ ಎಳೆದೊಯ್ದು ಎರಡಕ್ಷರಗಳನ್ನು ಬಿಡಿಸಿ ಹೇಳಿದಳು. ಓ ಎಂದರೆ ಆನ್, ಡಿ ಎಂದರೆ ಡ್ಯೂಟಿ. ಸಂಜೆಯವರೆಗೆ ಇಲ್ಲಿದ್ದರೆ ಹಾಜರಿ ಉಳಿಯಿತು, ಪರೀಕ್ಷೆ ಉಳಿಯಿತು. ತಮ್ಮ ಗುಂಪಿನ ಆಪ್ ರಸ್ತೆಯಲ್ಲಿ ಆನೆ ಎಲ್ಲಿ ನಿಂತಿದೆ ಎಂದು ಬಸ್ಸಿನವರಿಗೆ ತಿಳಿಸುತ್ತದೆ ಎಂದೂ ಹೇಳಿದಳು.

ಚಿಕ್ಕಮುನಿಯಪ್ಪ ಎಲ್ಲವನ್ನೂ ಅರ್ಥ ಮಾಡಿಕೊಂಡನೆಂದು ಹೇಳಲಾರೆ. ಮಗಳು ಓಡಿಲ್ಲ ಎಂಬುದಷ್ಟು ಅರ್ಥವಾಯಿತು. ಈಗ ಅಳು ತಡೆಯಲಾಗಲಿಲ್ಲ. ನರೇಶನ ಕಾಲರನ್ನು ತಾನೇ ಸರಿಮಾಡಿ, ಕೈಮುಗಿದು, ಹಿಂದಿನ ಸಾಲಿನಲ್ಲಿ ಕೂತ. ಯಾರೋ ಪುಳಿಯೋಗರೆ ಪೊಟ್ಟಣ ಕೊಟ್ಟರು. ಹಳದಿ ದಾರಕ್ಕೆ ಊಟವೂ ಇತ್ತು.

ಸಂಜೆ ಶ್ಯಾಮಲಮ್ಮ ಮೇಡಂ ವೇದಿಕೆಯಲ್ಲಿ ಕೂತರು. ಗುಂಪುಗಳು ಒಂದೊಂದಾಗಿ ಆಪ್ ಓಡಿಸಿದವು. ಅಷ್ಟು ಹೊತ್ತಿಗೆ ಸಭಾಂಗಣದ ನೆಟ್ ಕೈಕೊಟ್ಟಿದ್ದರಿಂದ ಯಾವುದೂ ಓಡಲಿಲ್ಲ. ಸುಗುಣಾಳ ಆನೆಯೂ ಪರದೆಯ ಮೇಲೆ ನಿಂತಲ್ಲೇ ನಿಂತಿತು, ಅಸಲಿ ಆನೆಯ ಹಾಗೆಯೇ. ಸರಳಾಳ ಗುಂಪೊಂದು ಮಾತ್ರ ಏನನ್ನೂ ಓಡಿಸದೆ ತಮ್ಮ ಕಷ್ಟವನ್ನು ಚೆನ್ನಾಗಿ ಹೇಳಿ ಮೊದಲ ಬಹುಮಾನ ಹೊಡೆಯಿತು.

ಸರಳಾ ಮೈಕು ಹಿಡಿದಳು. "ಇದಕ್ಕೆಲ್ಲ ಕಾರಣ ನಮ್ಮ ಮೆಂಟರ್ ಚಿಕ್ಕಮುನಿಯಪ್ಪ ಸಾರ್. ಓಡಿಸ್ಬೇಡಿ ಅಂತ ಅವ್ರೇ ಹೇಳ್ಕೊಟ್ಟಿದ್ದು!"

ಚಪ್ಪಾಳೆಯ ನಡುವೆ ಅವನನ್ನು ವೇದಿಕೆಗೆ ನೂಕಿದರು, ಕೈಗೆ ಮೈಕು ತುರುಕಿದರು. ಜನ್ಮದಲ್ಲಿ ಮೊದಲ ಮೈಕು, ಎದುರಿಗೆ ಕಾಲೇಜಿಗೆ ಕಾಲೇಜೇ ಕೂತಿದೆ. ಅವನ ಎದೆ ಉಬ್ಬಿತು.

"ನಂಗೇನೂ ಗೊತ್ತಿಲ್ಲ ಕಣ್ರವ್ವಾ. ನಾನು ಬಂದಿದ್ದು ನನ್ನ ಮಗಳಿಗೋಸ್ಕರ. ಅಗೋ, ಅಲ್ಲಿ ಕೂತವಳಲ್ಲ, ಸುಗುಣಾ, ಅವ್ಳೇ ನನ್ನ ಮಗಳು!"

ಚಪ್ಪಾಳೆ ನಿಂತಿತು. ಸುಗುಣಾ ತಲೆ ಮೇಲೆ ಕೈಹೊತ್ತಳು.

"ಮಗಳಾ?" ಶ್ಯಾಮಲಮ್ಮ ಮೇಡಂ ಕನ್ನಡಕ ಏರಿಸಿದರು. "ಮೆಂಟರ್ ಮನೆಯವ್ರು ಸ್ಪರ್ಧೇಲಿ ಇರೋ ಹಾಗಿಲ್ಲ. ರೂಲ್ಸ್ ಅಂದ್ರೆ ರೂಲ್ಸ್. ನರೇಶ್, ಸುಗುಣಾ ಹೆಸ್ರು ತೆಗೀರಿ. ಅವಳು ಭಾಗವಹಿಸಿಲ್ಲ ಅಂತ ಲೆಕ್ಕ."

"ಹಂಗಂದ್ರೆ ಮೇಡಂ?" ಎಂದ ಚಿಕ್ಕಮುನಿಯಪ್ಪ.

"ಓ.ಡಿ. ಇಲ್ಲ. ಇವತ್ತು ಆಬ್ಸೆಂಟ್."

"ಮೇಡಂ, ನಾನು ಮೆಂಟ್ರಲ್ಲ, ಪೇರೆಂಟು!"

ಯಾರು ನಂಬುತ್ತಾರೆ? ಕೊರಳಲ್ಲಿ ಹಳದಿ ದಾರ, ಹೊಟ್ಟೆಯಲ್ಲಿ ಪುಳಿಯೋಗರೆ, ಎದುರಿಗೆ ಅವನಿಂದಲೇ ಗೆದ್ದ ಹುಡುಗಿಯರು. ಮೇಡಂ ಎಲ್ಲ ಮೆಂಟರುಗಳಿಗೂ ಕೊಡುವ ಕಾಗದವನ್ನು ಅವನ ಕೈಗಿತ್ತರು. ಶ್ರೀ ಚಿಕ್ಕಮುನಿಯಪ್ಪನವರು ಇಂದು ಕಾಲೇಜಿನ ಕೆಲಸದ ಮೇಲಿದ್ದರು, ಓ.ಡಿ., ಎಂದು ಇಂಗ್ಲಿಷಿನಲ್ಲಿ, ಮೊಹರಿನ ಸಮೇತ ಇತ್ತು; ನರೇಶನೇ ಓದಿ ಹೇಳಿದ.

"ಮೇಡಂ, ಇದನ್ನ ಮಗಳ ಹೆಸ್ರಿಗೆ ಮಾಡ್ಕೊಡಕ್ಕಾಗಲ್ವಾ? ಹೊಲದ ಪಟ್ಟಾ ಬದಲಾಯ್ಸ್ತಾರಲ್ಲ, ಹಂಗೆ?"

"ಆಗಲ್ಲ" ಎಂದು ಮೇಡಂ ಎದ್ದು ಹೋದರು.

ಗೇಟಿನ ಹತ್ತಿರ ರಾಮಲಕ್ಷ್ಮಮ್ಮ ಹಾಜರಿಯೂ ಹೋಯಿತು, ಪರೀಕ್ಷೆಯೂ ಹೋಯಿತು ಎಂಬ ವಿಷಯ ಕೇಳಿ, ಮೊಣಕಾಲು ನೋವು ಮರೆತು ಜೀಪಿನಿಂದ ಜಿಗಿದಳು. ಆಗಲೇ ರಾಮುವಿಗೆ ಫೋನು ಹಚ್ಚಿದ್ದಳು, ಅವನು ಎತ್ತಲಿಲ್ಲ, ಊಟದ ಹೊತ್ತು. ಆವುಲಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ "ಇದ್ರಾಗೆ ಏನ್ ಬರೆದವ್ರೆ?" ಎಂದ.

ಚಿಕ್ಕಮುನಿಯಪ್ಪ ಸಭಾಂಗಣದ ಬಾಗಿಲನ್ನೇ ನೋಡುತ್ತಿದ್ದ. ಸುಗುಣಾ ಅಲ್ಲಿಂದ ಹೊರಬಿದ್ದು, ಎರಡೂ ಕೈಯಲ್ಲಿ ಎರಡು ಚಪ್ಪಲಿ ಹಿಡಿದುಕೊಂಡು ನೇರ ಅವನತ್ತಲೇ ಬರುತ್ತಿದ್ದಳು.

"ಏನ್ ಬರೆದವ್ರೆ ಹೇಳ್ಲಾ!"

"ಓಡಿ" ಎಂದ ಚಿಕ್ಕಮುನಿಯಪ್ಪ, ಪಂಚೆ ಎತ್ತಿ ಕಟ್ಟಿಕೊಂಡು, ಹೇಳಿದಂತೆಯೇ ಮಾಡಿದ.