ಕರೆಂಟ್ ಬಂದದೋ, ಬಂದ್ ಅದೋ?

ಹುಮನಾಬಾದಿನಿಂದ ಬಸವಕಲ್ಯಾಣದ ತನಕ ಸ್ಪ್ಯಾನರ್ ಹಿಡಿಯುವ ಮೊದಲು ತಲೆ ಓಡಿಸುವ ಮೋಟರ್ ಮೆಕ್ಯಾನಿಕ್ ನಾನೊಬ್ಬನೇ. ಸುಳ್ಳು ಅನ್ನಿಸಿತೇ? ಪೂರ್ತಿ ಓದಿ. ಆಮೇಲೂ ಸುಳ್ಳು ಅನ್ನುವ ಗಂಡಸಿದ್ದರೆ ಹುಮನಾಬಾದಿನ ನನ್ನ ಅಂಗಡಿಗೆ ಬರಲಿ. ನನ್ನ ಪದ್ಧತಿ ಇಷ್ಟೇ: ಮೊದಲು ಕೇಳು, ಆಮೇಲೆ ನೋಡು, ಕಡೆಗೆ ಕೈ ಹಚ್ಚು. ಇದನ್ನು ಹಿಡಿದ ದಿನದಿಂದ ನನ್ನ ಸುತ್ತ ಒಂದಿಲ್ಲೊಂದು ತಮಾಷೆ ನಡೆದೇ ಇದೆ.

ಇಂಥ ನನಗೆ ಕೊಡಂಬಲದಲ್ಲಿ ಹೆಣ್ಣು ನೋಡಿದರು. ಹುಡುಗಿ ನನಗೆ ಮೊದಲ ನೋಟಕ್ಕೇ ಒಪ್ಪಿಗೆ. ಅವಳಪ್ಪ ಮಾತ್ರ ನನ್ನ ಗ್ರೀಸ್ ಮೆತ್ತಿದ ಉಗುರು ನೋಡಿ, "ಕೈ ಗಟ್ಟಿ ಅದಾವ. ತಲಿ ಅದೋ ಇಲ್ಲೋ, ವಿಚಾರ ಮಾಡಿ ಹೇಳ್ತೀವಿ" ಅಂದುಬಿಟ್ಟರು.

ತಲೆ! ನನಗೆ! ಅವರ ಉತ್ತರ ಕಾಯುತ್ತಿದ್ದಾಗಲೇ ಇವೆಲ್ಲ ನಡೆದದ್ದು.

ದೇವರನ್ನು ಬಂದ್ ಮಾಡುವುದು

ಹುಮನಾಬಾದಿನ ಒಂದು ಚಹಾದ ಹೋಟೆಲಿನಲ್ಲಿ ದಿನಾ ಸಂಜೆ ಫ್ಯೂಸ್ ಹೋಗುತ್ತಿತ್ತು. ಮಾಲಕ ವೈರ್ ಬದಲಿಸಿದ, ಬೋರ್ಡ್ ಬದಲಿಸಿದ, ಕಡೆಗೆ ಬೋರ್ಡಿಗೆ ನಿಂಬೆಹಣ್ಣು ಕಟ್ಟಿದ. ನಾನು ಎಲ್ಲ ಬಂದ್ ಮಾಡಿಸಿ ಒಂದೊಂದೇ ಚಾಲೂ ಮಾಡಿಸಿದೆ. ಫ್ಯಾನ್ ಸರಿ, ಫ್ರಿಜ್ ಸರಿ. ದೇವರ ಫೋಟೋಕ್ಕೆ ಸುತ್ತಿದ ಬಣ್ಣದ ದೀಪದ ಸರ ಹಚ್ಚಿದ ಕೂಡಲೇ ಫಟ್!

"ಇದನ್ನ ಬಂದ್ ಇಡ್ರಿ" ಅಂದೆ.

"ಏ ತಮ್ಮಾ, ದೇವ್ರನ್ನ ಹ್ಯಾಂಗ ಬಂದ್ ಇಡ್ಲಿ?"

"ದೇವ್ರು ಚಾಲೂನೇ ಇರ್ತಾನ್ರಿ, ಸರ ಬಂದ್ ಇಡ್ರಿ."

ಅಂದಿನಿಂದ ಫ್ಯೂಸ್ ಹೋಗಿಲ್ಲ. ನಿಂಬೆಹಣ್ಣು ಮಾತ್ರ ಇನ್ನೂ ಅಲ್ಲೇ ಇದೆ. "ಅರ್ಧಾ ಕೆಲಸ ಅದೂ ಮಾಡ್ಯಾದ" ಅನ್ನುತ್ತಾನೆ ಮಾಲಕ.

ಮೋರಖಂಡಿಯ ಕಾಕಾ

ಮೋರಖಂಡಿಯಿಂದ ಒಬ್ಬ ಕಾಕಾ ಫೋನ್ ಮಾಡಿದರು, ಬೋರ್ ಮೋಟರ್ ತಿರುಗುತ್ತಿಲ್ಲವಂತೆ. ಪದ್ಧತಿ ಪ್ರಕಾರ ಮೊದಲು ಕೇಳಿದೆ, "ಕಾಕಾ, ಕರೆಂಟ್ ಬಂದದ?"

"ಹೌದಪಾ, ಬಂದದ!"

ಕರೆಂಟ್ ಇದೆ, ಅಂದರೆ ಸ್ಟಾರ್ಟರ್ ಕೆಟ್ಟಿದೆ. ಚೀಲ ತುಂಬ ಸಾಮಾನು ಹೇರಿಕೊಂಡು ಬೈಕ್ ಓಡಿಸಿದೆ. ಹೋಗಿ ನೋಡಿದರೆ ಇಡೀ ಊರಿಗೇ ಕರೆಂಟಿಲ್ಲ.

"ಬಂದದ ಅಂದ್ರಲ್ಲಾ ಕಾಕಾ?"

"ಮತ್ತ! ಮುಂಜಾನಿಂದ ಬಂದ್ ಅದ!"

ನಮ್ಮ ಭಾಗದ ಕನ್ನಡವೇ ಹೀಗೆ. ಬಂದರೂ ಬಂದದ, ಬಂದ್ ಆದರೂ ಬಂದ್ ಅದ. ಫೋನಿನಲ್ಲಿ ಎರಡೂ ಒಂದೇ. ಅಂದಿನಿಂದ ನಾನು ಮಾತು ನಂಬುವುದು ಬಿಟ್ಟೆ, "ಫ್ಯಾನ್ ತಿರಗಾಕತ್ತದ?" ಅಂತಷ್ಟೇ ಕೇಳುತ್ತೇನೆ. ಮುಖ ಊದಿಸಿಕೊಂಡು ಬೈಕ್ ಏರಿದಾಗ ಕಾಕಾರ ಹೆಂಡತಿ ಕಾಕೂ ಒಳಗಿನಿಂದ ಕೂಗಿದರು: "ಉಂಡು ಹೋಗಪಾ, ನಮ್ಮ ಒಲಿ ಏನ್ ಬಂದ್ ಇಲ್ಲ!"

ಕೊಡಂಬಲದ ಮಾತು

ಸಂಬಂಧ ತಂದವನು ನಮ್ಮ ಸೋದರಮಾವ. ಒಂದು ದಿನ ಬಸ್ಸಿನೊಳಗಿಂದ ಅವ್ವನಿಗೆ ಫೋನ್ ಮಾಡಿ, "ಅಕ್ಕಾ, ಕೊಡಂಬಲದ ಮಾತು ಬಂದದ" ಅಂದ. ಅಷ್ಟಕ್ಕೆ ಲೈನ್ ಕಟ್. ತಿರುಗಿ ಹಚ್ಚಿದರೆ ಸ್ವಿಚ್ ಆಫ್.

ಅವ್ವ, "ಮಾತು ಬಂದ್ ಅದ ಅಂತ, ಮುಗೀತು" ಅಂತ ಹಣೆಗೆ ಕೈ ಹಚ್ಚಿದಳು. ಪಕ್ಕದಲ್ಲೇ ಕೇಳಿಸಿಕೊಂಡಿದ್ದ ಅಪ್ಪ, "ಏ ಹುಚ್ಚಿ, ಮಾತು ಬಂದದ! ಪೇಡೆ ತರ್ತೀನಿ" ಅಂತ ಚಪ್ಪಲಿ ಮೆಟ್ಟಿದ. ಇಬ್ಬರಿಗೂ ಜಗಳ ಹತ್ತಿತು. ನನ್ನ ತಲೆ ಮಾತ್ರ ತಣ್ಣಗಿತ್ತು. ಮಾತು ನಂಬಬಾರದು, ಫ್ಯಾನ್ ನೋಡಬೇಕು. ಕೊಡಂಬಲಕ್ಕೇ ಫೋನ್ ಹಚ್ಚಿದೆ. ಎತ್ತಿದವಳು ಹುಡುಗಿ!

"ಅಪ್ಪಾರು ಅದಾರ್ರಿ?"

"ಇಲ್ರಿ. ಫೋನ್ ಇಲ್ಲೇ ಬಿಟ್ಟು ಪ್ಯಾಟಿಗಿ ಹೋಗ್ಯಾರ."

"ಯಾವ ಅಂಗಡಿಗ್ರಿ?"

"ಅರಬಿ ಅಂಗಡಿಗಿ, ಬಟ್ಟಿ ತರಾಕ."

"ಯಾರಿಗಿ ಅರಬಿ?"

ಅದಕ್ಕೆ ಅವಳೇ ತಿರುಗಿ ಕೇಳಿದಳು: "ನಿಮ್ಮ ತಲಿ ಅಳತಿ ಎಷ್ಟದ್ರಿ?"

"ತಲಿ ಅಳತಿ?"

"ಅಪ್ಪ ಹುಮನಾಬಾದದ ಹೋಟೆಲದಾಗ ವಿಚಾರಿಸ್ಯಾರ, ಮೋರಖಂಡಿಗೂ ಫೋನ್ ಮಾಡ್ಯಾರ. ಎಲ್ಲಾರೂ, ತಲಿ ಅದ, ಖರೆ ಭಾಳ ದೊಡ್ಡದದ ಅಂದ್ರಂತ. ಅಳಿಯಗ ಹಾಕೋ ಸಾದಾ ಟೋಪಿ ಹಿಡೀತದೋ ಇಲ್ಲೋ ಅಂತ ಅಪ್ಪಗ ಚಿಂತಿ."

ಫ್ಯಾನ್ ತಿರುಗುತ್ತಿತ್ತು!

ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡಿದ ದಿನ ಕೊಡಂಬಲದಲ್ಲಿ ಹುಡುಗಿಯ ಅಪ್ಪ ಎಲ್ಲರೆದುರು ತಾವೇ ನನ್ನ ತಲೆಗೆ ಒಂದು ಬಿಳಿ ಟೋಪಿ ಇಟ್ಟರು.