ಮುಲೂಖಿಯಾ ಮೇಯ್ದ ಪಾರಿವಾಳದ ಸನ್ನಿಧಾನಕ್ಕೆ

ಇಂಬಾಬಾ, ಕೈರೋ

ಬಡಗಿ ಮೇಸ್ತ್ರಿ ಉಸ್ತಾ ಬಯೂಮಿಯವರ ಪಾರಿವಾಳಗಳ ಮುಂದಾಳುಗಳೂ, ಸದ್ಯ ನಮ್ಮ ಮನೆಯಲ್ಲಿ ರೊಟ್ಟಿ ಆರಹಾಕುವ ಖರ್ಜೂರದ ಕಡ್ಡಿಯ ಪಂಜರದಲ್ಲಿ ಬಿಡಾರ ಹೂಡಿರುವವರೂ ಆದ ಬೂದುಗೊರಳಿನ ಗಂಡು ಪಾರಿವಾಳ ಅವರಿಗೆ,

ಮಾನ್ಯರೇ,

ತಮಗೂ, ತಮ್ಮ ಧರ್ಮಪತ್ನಿಯವರಿಗೂ, ತಮ್ಮೊಡನೆ ನಮ್ಮ ತಾರಸಿಗೆ ದಯಮಾಡಿಸುವ ಸಮಸ್ತ ಬಂಧುಬಾಂಧವರಿಗೂ ಸಲಾಂ ಹೇಳಿ ಈ ಪತ್ರವನ್ನು ಆರಂಭಿಸುತ್ತೇನೆ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕುಳಿತು ಮೂವತ್ತೊಂದು ವರ್ಷ ಊರವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವಳಿಗೆ ಸ್ವಂತಕ್ಕೊಂದು ಅರ್ಜಿ ಬರೆಯುವ ಯೋಗ ತಮ್ಮಿಂದಲೇ ಕೂಡಿಬಂತು. ಇದರ ಒಂದು ಪ್ರತಿಯನ್ನು ಮೆಟ್ಟಿಲ ಬಳಿಯ ಗೋಡೆಗೂ ಅಂಟಿಸಿದ್ದೇನೆ. ತಮಗೆ ಪುರುಸೊತ್ತಿಲ್ಲದಿದ್ದರೆ ಬಾಡಿಗೆದಾರರಾದರೂ ಓದಿಕೊಳ್ಳಲಿ.

ವಿಷಯ ತಮಗೆ ಹೊಟ್ಟೆತುಂಬ ಗೊತ್ತಿರುವುದೇ. ತಾರಸಿಯ ಮೇಲೆ ಒಂಬತ್ತು ಟೊಮೆಟೊ ಪೆಟ್ಟಿಗೆಗಳಿಗೆ ಮಣ್ಣು ತುಂಬಿ ನಾನು ಬಿತ್ತಿದ್ದು ಅಂಗಡಿಯ ಬೀಜವಲ್ಲ. ನನ್ನಮ್ಮ ಮನೂಫಿಯಾದ ಹಳ್ಳಿಯಿಂದ ಮದುವೆಯಾಗಿ ಬರುವಾಗ ತಲೆವಸ್ತ್ರದ ತುದಿಯಲ್ಲಿ ಗಂಟು ಕಟ್ಟಿ ತಂದ ಮುಲೂಖಿಯಾ ಸೊಪ್ಪಿನ ಬೀಜ ಅದು. ಪ್ರತಿ ಬೇಸಿಗೆ ಎಂಟು ಪೆಟ್ಟಿಗೆಯ ಸೊಪ್ಪು ಸಾರಿಗೆ, ಒಂದು ಪೆಟ್ಟಿಗೆ ಬೀಜಕ್ಕೆ ಎಂಬುದು ಅಮ್ಮ ಹಾಕಿಕೊಟ್ಟ ಕ್ರಮ. ಹೋದ ವರ್ಷ ಮಂಡಿನೋವಿನಿಂದ ಮೇಲಕ್ಕೆ ನೀರು ಹೊರಲಾಗದೆ ಗಿಡಗಳು ಸೊರಗಿ ಒಂದೇ ಹಿಡಿ ಬೀಜ ಸಿಕ್ಕಿತು. ಅದರಲ್ಲಿ ನಾಲ್ಕು ಕಾಳನ್ನೂ ಎತ್ತಿಡದೆ ಎಲ್ಲವನ್ನೂ ಬಿತ್ತಿದ ದಡ್ಡತನ ಮಾತ್ರ ನನ್ನದು, ಉಳಿದದ್ದೆಲ್ಲ ತಮ್ಮ ಸಾಧನೆ.

ಆ ಸಾಧನೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಬಿತ್ತಿದ ಬೆಳಿಗ್ಗೆಯೇ ಬಂದು ಮುಕ್ಕಾಲು ಬೀಜವನ್ನು ಹೆಕ್ಕಿದಿರಿ, ಉಳಿದದ್ದು ಮೊಳೆಯುವವರೆಗೆ ಎಂಟು ದಿನ ತಪಸ್ವಿಗಳಂತೆ ಕಾದು, ಮೊಳೆತ ಮೇಲೆ ಎಳೆ ಎಲೆಯನ್ನಷ್ಟೇ ಚಿವುಟಿ ತಿಂದಿರಿ. ಸೊಳ್ಳೆಪರದೆ ಹೊದಿಸಿದರೆ ಅದನ್ನು ಉಯ್ಯಾಲೆ ಮಾಡಿಕೊಂಡಿರಿ. ತೀರಿಕೊಂಡ ನನ್ನ ಯಜಮಾನರ ನಿಲುವಂಗಿಯನ್ನು ಕೋಲಿಗೆ ತೊಡಿಸಿ ನಿಲ್ಲಿಸಿದರೆ ಹೆಗಲ ಮೇಲೆ ಕುಳಿತು ಗರಿ ತಿದ್ದಿಕೊಂಡಿರಿ. ಬದುಕಿದ್ದಾಗಲೂ ಅವರಿಗೆ ಯಾರೂ ಹೆದರಿದ್ದಿಲ್ಲವಾದ್ದರಿಂದ ಅದಕ್ಕೆ ನನ್ನ ತಕರಾರಿಲ್ಲ. ತಾವು ಧಾರಾಳವಾಗಿ ಬಿಟ್ಟುಹೋದ ಗೊಬ್ಬರಕ್ಕೂ ಕೃತಜ್ಞಳಾಗಿದ್ದೇನೆ, ಬೆಳೆಯೊಂದಿದ್ದಿದ್ದರೆ ಉಪಯೋಗಕ್ಕೆ ಬರುತ್ತಿತ್ತು.

ಕೊನೆಗೆ ನಾನು ಮಾಡಿದ ಘನಕಾರ್ಯವನ್ನೂ ಒಪ್ಪಿಕೊಳ್ಳಬೇಕು. ಕೆಂಪು ಮೇಲುಹಾಸೊಂದನ್ನು ಉದ್ದನೆಯ ಗಳಕ್ಕೆ ಕಟ್ಟಿ ತಮ್ಮತ್ತ ಬೀಸಿದೆ, ಕೈ ಸೋತಾಗ ಕೆಳಗಿಳಿಸಿದೆ, ಆದರೂ ತಾವು ದೂರ ಹೋಗದಿದ್ದಾಗ ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಸಿಳ್ಳೆ ಹಾಕಿದೆ. ಸಾಕುವವರು ಬಾವುಟ ಬೀಸುವಷ್ಟು ಹೊತ್ತು ಪಾರಿವಾಳ ಹಾರಬೇಕು, ಬಾವುಟ ಇಳಿಸಿ ಸಿಳ್ಳೆ ಹಾಕಿದರೆ ಮನೆಗೆ ಬರಬೇಕು ಎಂಬುದು ಈ ಬೀದಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನಲವತ್ತು ವರ್ಷ ಆ ಸಿಳ್ಳೆ ಕೇಳುತ್ತಲೇ ಬಟ್ಟೆ ಒಣಹಾಕಿದ ನನಗೆ ಮಾತ್ರ ಆ ಗಳಿಗೆಯಲ್ಲಿ ಮರೆತಿತ್ತು. ಮೂರು ತಾರಸಿಗಳ ಪಾರಿವಾಳಗಳು ಶಿಸ್ತಿನಿಂದ ನನ್ನ ಪೆಟ್ಟಿಗೆಗಳ ಮೇಲೆ ಇಳಿದವು. ಎದುರು ಮನೆಯ ತಫೀದಾ ಕಿಟಕಿಯಿಂದ ಕೇಳಿದಳು: “ಏನೇ ಇನ್‌ಶಿರಾಹ್, ಸೊಪ್ಪು ಬಿಟ್ಟು ಪಾರಿವಾಳ ಸಾಕೋಕೆ ಶುರು ಮಾಡಿದ್ಯಾ? ಈ ವಯಸ್ಸಲ್ಲಿ ಸಿಳ್ಳೆ ಬೇರೆ.” ನಾನು ಅಷ್ಟರಲ್ಲಿ ಕೈಗೆ ಸಿಕ್ಕ ರೊಟ್ಟಿ ಪಂಜರವನ್ನು ತಮ್ಮ ಮೇಲೆ ಕವುಚುತ್ತಿದ್ದೆ.

ಮಾರನೆಯ ಸಂಜೆ ತಮ್ಮ ಒಡೆಯರಾದ ಉಸ್ತಾ ಬಯೂಮಿ ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. “ಅಕ್ಕಾ, ಪಾರಿವಾಳ ಸಾಕೋರ ಕಟ್ಟಳೆ ನಿಮಗೂ ಗೊತ್ತು. ನೀವು ಕರೆದ್ರಿ, ಅವನು ಇಳಿದ, ಅವನು ನಿಮ್ಮೋನೇ. ವಾಪಸ್ ಕೊಡಿ ಅಂತ ಕೇಳಿದ್ರೆ ನನಗೇ ಮರ್ಯಾದೆ ಇಲ್ಲ. ಆದ್ರೆ ಅವನಿಲ್ದೆ ನನಗೆ ಊಟ ಸೇರ್ತಿಲ್ಲ.” “ನನಗೂ ಸೇರ್ತಿಲ್ಲ ಬಯೂಮಿ,” ಎಂದು ಅವರನ್ನು ಮೇಲೆ ಕರೆದೊಯ್ದು ಪೆಟ್ಟಿಗೆಗಳನ್ನು ತೋರಿಸಿದೆ. ಒಂಬತ್ತರಲ್ಲಿ ಉಳಿದದ್ದು ನಾಲ್ಕೇ ಸಸಿ. ಅವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಒಂದು ಸಸಿಯ ಎಲೆಯನ್ನು ಬೆರಳ ತುದಿಯಿಂದ ಎತ್ತಿ ನೋಡಿದರು. “ನಿಮ್ಮಮ್ಮನ ಮುಲೂಖಿಯಾನಾ? ನಾನು ಜ್ವರದಲ್ಲಿ ಮಲಗಿದ್ದಾಗ ಬಟ್ಟಲಲ್ಲಿ ಕಳಿಸ್ತಿದ್ರಲ್ಲ, ಅದೇನಾ?” ಎಂದರು. ಅದೇ ಎಂದೆ.

ಮಾನ್ಯರೇ, ಅಮ್ಮನ ಬಳೆಗಳು ನನ್ನ ತಮ್ಮನ ಮದುವೆಗೆ ಕರಗಿದವು, ಪಾತ್ರೆಗಳು ಮನೆ ಬದಲಿಸುವಾಗ ಹೋದವು. ಆಕೆಯ ಕೈ ಮುಟ್ಟಿ ಬಂದದ್ದು ಎಂದು ಉಳಿದಿರುವುದು ಈ ನಾಲ್ಕು ಸಸಿ. ನನಗೆ ನಿಜಕ್ಕೂ ಭಯವಾಗಿದೆ.

ಆದ್ದರಿಂದ ತಾವು ಈವರೆಗೆ ನುಂಗಿದ ಬೀಜಗಳನ್ನು ನುಂಗುವ ಮುಂಚೆ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕೆಂದೂ, ತಮ್ಮ ಬಂಧುಗಳು ಇನ್ನು ಮುಂದೆ ನಮ್ಮ ಕಟ್ಟಡದ ಮೇಲೆ ಹಾರುವಾಗ ಕಣ್ಣು ಮುಚ್ಚಿಕೊಂಡಿರಬೇಕೆಂದೂ ವಿನಂತಿಸುತ್ತೇನೆ. ಇದು ಕಷ್ಟವಾದರೆ ಉಸ್ತಾ ಬಯೂಮಿ ಒಪ್ಪಿದ ಏರ್ಪಾಡೇ ನಡೆಯಲಿ. ಕಾಯಿ ಒಣಗಿ ಬೀಜ ಕೈಗೆ ಬರುವವರೆಗೆ ತಾವು ನನ್ನ ಅತಿಥಿ, ಅವರು ನನ್ನ ಕಾವಲುಗಾರ. ನಿನ್ನೆಯಿಂದ ಅವರು ನನ್ನ ತಾರಸಿಯಲ್ಲಿ ಪೊರಕೆ ಹಿಡಿದು ಕುಳಿತು, ಸ್ವತಃ ಕೈತುತ್ತು ಕೊಟ್ಟು ಸಾಕಿದ ಹಕ್ಕಿಗಳನ್ನು “ಹೋಗ್ರೋ ಮಾನಗೆಟ್ಟವ್ರಾ, ನಿಮ್ಮಿಂದ ನನ್ನ ಮಾನಾನೂ ಹೋಯ್ತು” ಎಂದು ಓಡಿಸುತ್ತಿದ್ದಾರೆ. ಈ ವರ್ಷ ನಾನು ಒಂದೆಲೆಯನ್ನೂ ಕೀಳುವುದಿಲ್ಲ.

ತಮ್ಮ ಹಸಿವಿನ ಮೇಲೆ ಅಪಾರ ಗೌರವವಿರುವ,
ತಮ್ಮ ವಿಶ್ವಾಸಿ,
ಇನ್‌ಶಿರಾಹ್, ನಿವೃತ್ತ ಅಂಚೆ ಗುಮಾಸ್ತೆ

ತಾ.ಕ.: ಸೊಪ್ಪಿಲ್ಲದ ಬೇಸಿಗೆಯಲ್ಲಿ ಏನು ಅಡುಗೆ ಮಾಡುತ್ತೀಯೆಂದು ತಫೀದಾ ಕೇಳಿದಳು. ಪಾರಿವಾಳದ ಹೊಟ್ಟೆಗೆ ಹಸಿಗೋಧಿ ನುಚ್ಚು ತುಂಬಿ ಬೇಯಿಸುವುದು ನಮ್ಮ ಕಡೆ ಹಬ್ಬದಡುಗೆ ಎಂಬುದು ತಮಗೆ ತಿಳಿಯದ್ದಲ್ಲ. ನಾಲ್ಕು ಸಸಿಗಳು ಇಂದು ಬೆಳಿಗ್ಗೆ ಎಣಿಸಿದಾಗಲೂ ನಾಲ್ಕೇ ಇದ್ದವು. ನುಚ್ಚನ್ನು ಆರಿಸಿಟ್ಟಿದ್ದೇನೆ, ಇನ್ನೂ ನೆನೆಹಾಕಿಲ್ಲ.